ಏಣಿ ನಿಂತಿದ್ದ ಜಾಗ

"ಯಾರ್ರೀ ಅದು ಪಂಪು ನಿಲ್ಲಿಸಿದ್ದು?"

"ನಾನು. ಈ ಹಿತ್ತಿಲಲ್ಲಿ ಬುದ್ಧಿ ನೆಟ್ಟಗಿರೋರು ಇನ್ಯಾರಿದ್ದಾರೆ, ನಿಲ್ಲಿಸೋಕೆ?"

ಕಿತ್ತ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಜಾಲರಿಯಕ್ಕ ತಿರುಗಿ ನಿಂತಳು. ವೈರನ್ನು ಮೊಣಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಅದನ್ನು ಕಸಿದುಕೊಳ್ಳಬೇಕೆಂದವರು ಅವಳ ತೋಳನ್ನೂ ಸೇರಿಸಿಯೇ ಕಸಿದುಕೊಳ್ಳಬೇಕಿತ್ತು.

ಅವಳ ಬೆನ್ನ ಹಿಂದೆ ಆ ಕೊಳ. ನೆಲ ಅಗೆದು ಕಟ್ಟಿದ್ದಲ್ಲ, ನೆಲದ ಮೇಲೆ ಜೋಡಿಸಿದ್ದು. ಎದೆಮಟ್ಟದ ದುಂಡನೆಯ ತಗಡಿನ ಗೋಡೆ, ಒಳಗೆ ನೀಲಿ ಪ್ಲಾಸ್ಟಿಕ್ ಹಾಳೆ, ಹಾಳೆಯೊಳಗೆ ಮೂವತ್ತು ಸಾವಿರ ಲೀಟರ್ ನೀರು. ಐದು ದಿನದ ಹಿಂದೆ ಈ ನೀರಿನಲ್ಲೇ ಮನೆಯ ಯಜಮಾನರು ಹೆಣವಾಗಿ ತೇಲಿದ್ದರು. ಏಣಿ ತೆಗೆಯದೆ ಹೋಗಿದ್ದೇ ಸಾವಿಗೆ ಕಾರಣವೆಂದು, ಕೊಳ ನೋಡಿಕೊಳ್ಳುತ್ತಿದ್ದ ಅವಳ ತಮ್ಮ ಅವತ್ತಿನಿಂದ ಲಾಕಪ್ಪಿನಲ್ಲಿದ್ದ.

ನಾಳೆ ಬೆಳಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಇವತ್ತು ಈ ಜನ ಕೊಳವನ್ನೇ ಬಿಚ್ಚಿ ಗುಜರಿಗೆ ಹಾಕಲು ಹೊರಟಿದ್ದರು.

"ಪ್ಲಗ್ಗು ಕೊಡು," ಎಂದ ಮನೆಯ ಮಗ. ಎಡಗೈ ಚಾಚಿದ್ದ, ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಮೂರು ದಿನದಿಂದ ಗಡ್ಡ ಕೆರೆದಿರಲಿಲ್ಲ.

"ಕೊಡಲ್ಲ."

"ಇದು ನನ್ನ ಮನೆ."

"ಮನೆ ನಿಮ್ಮದೇ, ಇಟ್ಕೊಳ್ಳಿ. ನೀರನ್ನ ಹನ್ನೆರಡು ಗಂಟೆವರೆಗೆ ಮುಟ್ಟಬೇಡಿ ಅಂತಿದ್ದೀನಿ. ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದ್ದೀನಿ, ಬರ್ತಾ ಇದ್ದಾರೆ."

"ಬಿಚ್ಚಬಹುದು ಅಂತ ಬರೆದುಕೊಟ್ಟಿದ್ದೇ ಆ ಇನ್ಸ್‌ಪೆಕ್ಟರು!"

"ಹಾಗಾದ್ರೆ ಅವರ ಹತ್ರಾನೂ ಜಗಳ ಇದೆ. ಬರಲಿ."

ಹನ್ನೆರಡು ವರ್ಷದಿಂದ ಹೆಗಲ ಮೇಲೆ ಉದ್ದನೆಯ ಕೋಲು, ಕೋಲಿನ ತುದಿಗೆ ಜಾಲರಿ ಹೊತ್ತು ಮನೆಮನೆಯ ಕೊಳಗಳಿಂದ ತರಗೆಲೆ ಎತ್ತುತ್ತ ಬಂದವಳು ಅವಳು. ಯಾವುದೋ ಮನೆಯ ಮಕ್ಕಳು ಇಟ್ಟ ಹೆಸರು ಜಾಲರಿಯಕ್ಕ. ಈಗ ಅಂಗಡಿಯವರೂ ಹಾಗೇ ಕರೆಯುತ್ತಾರೆ, ಪೊಲೀಸರೂ ಹಾಗೇ ಕರೆಯುತ್ತಾರೆ. ತಮ್ಮನಿಗೆ ಈ ಕೆಲಸ ಕಲಿಸಿದವಳೂ ಅವಳೇ. ಆ ತಮ್ಮ ಸಂಜೆ ಏಣಿ ತೆಗೆಯದೆ ಮನೆಗೆ ಬಂದ ಎಂದು ಯಾರಾದರೂ ಅಂದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಉಣ್ಣುವುದನ್ನಾದರೂ ಮರೆತಾನು, ಏಣಿಯನ್ನು ಮರೆಯುವವನಲ್ಲ.

ಕೊಳದ ಅಂಚಿನಲ್ಲಿ ಸ್ಪ್ಯಾನರ್ ಹಿಡಿದ ಇಬ್ಬರು ಕೆಲಸದವರು ಯಾರ ಮುಖ ನೋಡಬೇಕೋ ತಿಳಿಯದೆ ನಿಂತಿದ್ದರು. ಒಬ್ಬನಿಗೆ ದಪ್ಪ ಮೀಸೆ, ಇನ್ನೊಬ್ಬನಿಗೆ ಮೀಸೆಯೇ ಇರಲಿಲ್ಲ. ಅವರು ಮಾಡಿಟ್ಟ ಕೆಲಸ ಅವಳ ಕಣ್ಣಿಗೆ ಬಿತ್ತು.

"ಅಯ್ಯೋ ನಿಮ್ಮ! ನೀರು ತುಂಬಿರುವಾಗ ಗೋಡೆ ಬಿಗಿಹಿಡಿಯೋ ಮೇಲಿನ ಪಟ್ಟಿ ಬಿಚ್ತಾರೇನ್ರಪ್ಪಾ ಯಾರಾದ್ರೂ?"

"ಬಿಚ್ಚು ಅಂದ್ರು, ಬಿಚ್ಚಿದ್ವಿ ಅಕ್ಕ," ಎಂದ ಮೀಸೆಯವನು. "ನಾವು ಕಟ್ಟಡಕ್ಕೆ ಸಾರುವೆ ಕಟ್ಟಿ ಬಿಚ್ಚೋ ಜನ. ಇಂಥಾದ್ದು ಇದೇ ಮೊದಲು."

"ಮೊದಲು ಕರೆಂಟು, ಆಮೇಲೆ ನೀರು. ನೀರು ಪೂರಾ ಇಳಿದ ಮೇಲೆ ಪಟ್ಟಿ, ಆಮೇಲೆ ಹಾಳೆ, ಕಟ್ಟಕಡೆಗೆ ಗೋಡೆ. ಪಟ್ಟಿ ಇಲ್ಲದೆ ಇಷ್ಟು ನೀರನ್ನ ಆ ತಗಡು ಹೇಗೆ ತಡೆಯುತ್ತೆ? ಬಾಯಿ ಬಿಟ್ಕೊಂಡ್ರೆ ನಿಮ್ಮಿಬ್ಬರನ್ನೂ ಕಾಂಪೌಂಡಿನ ಆಚೆ ಹೋಗಿ ಹುಡುಕಬೇಕಾಗುತ್ತೆ. ಹಾಕಿ ವಾಪಸ್!"

ಇಬ್ಬರೂ ಮನೆಯ ಮಗನ ಅಪ್ಪಣೆಗೂ ಕಾಯದೆ ಪಟ್ಟಿ ವಾಪಸ್ ಹಾಕತೊಡಗಿದರು.

ಮಗ ಒಂದು ಹೆಜ್ಜೆ ಹತ್ತಿರ ಬಂದ. ದನಿ ಏರಲಿಲ್ಲ, ಇಳಿಯಿತು.

"ನನ್ನ ಅಪ್ಪ ಸತ್ತಿದ್ದಾರೆ. ನಿನ್ನ ತಮ್ಮ ಬರೀ ಒಳಗಿದ್ದಾನೆ. ಯಾರ ಸಿಟ್ಟು ದೊಡ್ಡದು ಅಂತ ಅಳೆಯೋಣವಾ?"

ಜಾಲರಿಯಕ್ಕ ಮುಷ್ಟಿಯಲ್ಲಿದ್ದ ಪ್ಲಗ್ಗಿನ ಕಡೆ ನೋಡಿದಳು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸತ್ತವರು ಅವಳಿಗೂ ಬೇಕಾದವರೇ.

ಅಳತೆ ಮೇಷ್ಟ್ರು ಎಂದೇ ಎಲ್ಲರೂ ಕರೆಯುತ್ತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅವರು. ಚಹಾಕ್ಕೆ ಹಾಕುವ ಸಕ್ಕರೆಯನ್ನೂ ಚಮಚದ ಬೆನ್ನಿನಿಂದ ಸಮ ಮಾಡಿ ಹಾಕುತ್ತಿದ್ದರು. ಮಂಡಿಯ ಆಪರೇಷನ್ ಆದಮೇಲೆ ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಕೊಳ ಬಂದಿತ್ತು. ದಿನಕ್ಕೆ ನಲವತ್ತು ಸುತ್ತು, ಎಣಿಸಿ. ಹದಿನೈದು ದಿನದ ಹಿಂದೆ ಒಮ್ಮೆ ನೀರಿನಲ್ಲಿ ಕಾಲು ಜಾರಿದ ಮೇಲೆ ಮಗ ಅದನ್ನೂ ನಿಲ್ಲಿಸಿದ್ದ. ಏಣಿಯನ್ನು ಮಡಿಸಿ, ಪಂಪಿನ ಗೂಡಿಗೆ ಸರಪಳಿ ಹಾಕಿ ಬೀಗ ಜಡಿಯಬೇಕೆಂದು ಅವಳ ತಮ್ಮನಿಗೆ ಕಟ್ಟಪ್ಪಣೆ ಮಾಡಿದ್ದ. ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಬೆಳಗ್ಗೆ ಹೆಣ ಸಿಕ್ಕಾಗ ಏಣಿ ಮಾತ್ರ ಕೊಳದಲ್ಲೇ ಇತ್ತು.

"ಇನ್ನೂ ಬಿಚ್ಚಿಲ್ವಾ ಅದನ್ನ?"

ಹಿತ್ತಿಲ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ, ಮೇಷ್ಟ್ರಮ್ಮ, ನಿಂತಿದ್ದರು. ಸಣ್ಣ ಜೀವ, ದೊಡ್ಡ ದನಿ. ಬಲಗೈಗೆ ಬಿಳಿ ಪಟ್ಟಿ ಸುತ್ತಿತ್ತು. ಗಾಜಿನ ಲೋಟ ಒಡೆದು ಕುಯ್ದಿತಂತೆ.

"ಕಿಟಕಿ ತೆಗೆದ್ರೆ ಅದೇ, ಬಾಗಿಲು ತೆಗೆದ್ರೆ ಅದೇ. ಇವತ್ತು ಆ ನೀರಿನ ಪೀಪಾಯಿ ಇಲ್ಲಿಂದ ಹೋಗಬೇಕು ಅಂದ್ರೆ ಹೋಗಬೇಕು. ಏನೇ ಜಾಲರಿ, ನಿನ್ನ ತಮ್ಮ ಮಾಡಿದ್ದು ಸಾಲದು ಅಂತ ನೀನು ಬಂದ್ಯಾ?"

"ನನ್ನ ತಮ್ಮ ಏನೂ ಮಾಡಿಲ್ಲ ಅಮ್ಮಾವ್ರೆ. ಅದಕ್ಕೇ ಬಂದೆ."

ಮೇಷ್ಟ್ರಮ್ಮ ಅವಳ ಮುಖವನ್ನು ಪೂರಾ ನೋಡಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನೀರಿನ ಕಡೆ ನೋಡುತ್ತ ನಿಂತುಬಿಟ್ಟರು. ಪಕ್ಕದ ಅಡುಗೆಮನೆಯ ಕಿಟಕಿಯ ಒಳಗೆ ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಬಹಳ ಹೊತ್ತಿನಿಂದ ಒಂದೇ ಪಾತ್ರೆ.

ಅಷ್ಟರಲ್ಲಿ, "ಅಯ್ಯಯ್ಯಪ್ಪೋ!" ಎಂದು ಮೀಸೆಯವನು ಕೂಗಿಕೊಂಡ.

ಬಿದ್ದಿದ್ದ ಏಣಿಯನ್ನು ಆಚೆ ಇಡಲು ಹೋಗಿದ್ದ. ಎರಡು ಕಾಲು ಹೊರಗೆ, ಎರಡು ಕಾಲು ಒಳಗೆ ಬರುವಂತೆ ಗೋಡೆಯ ಮೇಲೆ ಕವಲಾಗಿ ನಿಲ್ಲುವ ಮಡಚೋ ಏಣಿ ಅದು. ಅದರ ನೆತ್ತಿಯ ಕೊಂಡಿ ಅವನ ಅಂಗೈಯನ್ನು ಕಚ್ಚಿ ಹಿಡಿದಿತ್ತು.

ಜಾಲರಿಯಕ್ಕ ಹೋಗಿ ಕೊಂಡಿಯ ಕೆಳಗೆ ಹೆಬ್ಬೆರಳಿಟ್ಟು ಬಿಡಿಸಿದಳು. "ಕಚ್ಚಿತಾ? ಹೊಸಬರ ಕೈ ಕಂಡ್ರೆ ಅದಕ್ಕಾಗಲ್ಲ. ಒಂದು ಸಲ ಕಚ್ಚಿಸ್ಕೊಂಡ ಮೇಲೇ ಬುದ್ಧಿ ಬರೋದು. ನೋಡು, ನನಗೂ ಇದೆ." ತನ್ನ ಬಲ ಅಂಗೈ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಅರ್ಧಚಂದ್ರದ ಹಳೆಯ ಕಲೆ.

"ಹಲ್ಲಿದೆ ಅಕ್ಕ ಇದಕ್ಕೆ!"

"ನಿಮ್ಮನ್ನ ಕರೆಸಿದ ಯಜಮಾನರಿಗಿಂತ ವಾಸಿ. ಕಚ್ಚೋ ಮುಂಚೆ ಬೊಗಳಲ್ಲ."

ಮೀಸೆಯಿಲ್ಲದವನು ನಗಲು ಹೋಗಿ, ಮನೆಯ ಮಗನ ಮುಖ ನೋಡಿ ನಗುವನ್ನು ಕೆಮ್ಮಾಗಿ ಮಾಡಿಕೊಂಡ.

ಇನ್ಸ್‌ಪೆಕ್ಟರು ಬಂದಾಗ ಹನ್ನೊಂದೂಕಾಲು. ಬಂದವರೇ ಕೊಳದಿಂದ ನಾಲ್ಕು ಮಾರು ದೂರದಲ್ಲಿ ನಿಂತರು. ಆರಡಿ ಎತ್ತರದ ಆಳಿಗೆ ನೀರೆಂದರೆ ಅಷ್ಟಕ್ಕಷ್ಟೇ ಎಂಬುದು ಠಾಣೆಗೆಲ್ಲ ಗೊತ್ತಿತ್ತು.

"ನಾಲ್ಕು ಸಲ ಫೋನು! ಏನಮ್ಮಾ, ನನಗೆ ನಿನ್ನ ತಮ್ಮ ಒಬ್ಬನೇನಾ ಕೆಲಸ?"

"ನನಗೆ ಅವನೊಬ್ಬನೇ ತಮ್ಮ ಸಾರ್."

"ಫೋಟೊ ತೆಗೆದಾಯ್ತು, ಮಹಜರು ಆಯ್ತು. ಇನ್ನೇನಿದೆ ಇಲ್ಲಿ?"

"ನೀರು ಕಡಿಮೆ ಆಗಿದೆ."

"ಪಂಪು ಹಾಕಿದ್ರೆ ಕಡಿಮೆ ಆಗದೆ ಜಾಸ್ತಿ ಆಗುತ್ತಾ?"

"ಪಂಪು ಓಡಿದ್ದು ಐದು ನಿಮಿಷ. ಅಷ್ಟಕ್ಕೆ ಕೂದಲೆಳೆಯಷ್ಟೂ ಇಳಿಯಲ್ಲ. ಬನ್ನಿ ಇಲ್ಲಿ. ಹೆದರಬೇಡಿ, ಗೋಡೆ ಇದೆ."

ಪಂಪಿನ ಗೂಡಿನ ಬಾಗಿಲಿಗೆ ಒಂದು ಸ್ಲೇಟು ನೇತುಹಾಕಿತ್ತು. ಮೇಷ್ಟ್ರ ಅಕ್ಷರ, ಅಚ್ಚು ಹೊಡೆದ ಹಾಗೆ. ದಿನಾ ಸಂಜೆ ಕೊಳದ ಒಳಗೋಡೆಗೆ ಅಂಟಿಸಿದ್ದ ಅಳತೆಪಟ್ಟಿ ನೋಡಿ ನೀರಿನ ಮಟ್ಟ ಬರೆಯುತ್ತಿದ್ದರು. ಮೂವತ್ತಾರು ಅಂಗುಲ. ಮೂವತ್ತಾರು. ಮೂವತ್ತಾರು. ಸಾಯುವ ಹಿಂದಿನ ಸಂಜೆಯೂ ಮೂವತ್ತಾರು. ಅಲ್ಲಿಂದ ಕೆಳಗೆ ಸ್ಲೇಟು ಖಾಲಿ.

"ಈಗ ಅಳತೆಪಟ್ಟಿ ನೋಡಿ."

ಇನ್ಸ್‌ಪೆಕ್ಟರು ಕತ್ತು ಮಾತ್ರ ಉದ್ದ ಮಾಡಿ ನೋಡಿದರು. "ಮೂವತ್ತನಾಲ್ಕು."

"ಎರಡು ಅಂಗುಲ ಎಲ್ಲಿ ಹೋಯ್ತು? ಐದು ದಿನ ಮೇಲೆ ಹೊದಿಕೆ ಹಾಕಿತ್ತು, ಇವತ್ತು ಬೆಳಗ್ಗೆ ತೆಗೆದಿದ್ದು. ಬಿಸಿಲಿಗೆ ಹೋಗೋ ಹಾಗಿಲ್ಲ. ಅಂದ್ರೆ ಹಾಳೆ ತೂತಾಗಿದೆ. ಮೇಷ್ಟ್ರು ಬರೆದ ಕೊನೇ ಲೆಕ್ಕ ಆದಮೇಲೆ ಆಗಿದೆ. ಅವರು ಸತ್ತ ಬೆಳಗ್ಗೆಯೇ ಆಗಿದೆ ಅಂತ ನಾನು ಹೇಳ್ತೀನಿ."

"ತೂತಾದ್ರೆ ಆಯ್ತು. ಅದರಿಂದ ನಿನ್ನ ತಮ್ಮನಿಗೇನು?"

"ಬನ್ನಿ, ತೋರಿಸ್ತೀನಿ."

ಕೊಳವನ್ನು ಅರ್ಧ ಸುತ್ತು ಹಾಕಿ ಆ ಬದಿಗೆ ಕರೆದುಕೊಂಡು ಹೋದಳು. ಬೇಲಿಗಿಡಗಳ ಮರೆಯ ಬದಿ ಅದು. ಮಗನ ಕೋಣೆಯಿಂದ ಕಾಣುವುದಿಲ್ಲ, ಬೀದಿಯಿಂದ ಕಾಣುವುದಿಲ್ಲ, ಅಡುಗೆಮನೆಯ ಕಿಟಕಿಯೊಂದಕ್ಕೆ ಮಾತ್ರ ಕಾಣುತ್ತದೆ. ಅಲ್ಲಿ ಗೋಡೆಯ ಬುಡದ ಮಣ್ಣು ನೆನೆದು ಕಪ್ಪಾಗಿತ್ತು. ಹಾಳೆಯ ಕೆಳಗೆ ಹಾಸಿದ್ದ ಮರಳು ತೊಳೆದು ಬಂದು ಅಂಗೈಯಗಲ ಹರಡಿತ್ತು.

"ಏಣಿ ನಿಮಗೆ ಸಿಕ್ಕಿದ್ದೆಲ್ಲಿ ಸಾರ್?"

"ಪಂಪಿನ ಕಡೆ. ಆ ಬದಿ."

"ಹೌದು. ಅಲ್ಲೇ ಇಡೋದು ಯಾವಾಗಲೂ. ಅಲ್ಲಿ ನೀರಿನ ತಳದಲ್ಲಿ ಏಣಿಯ ಕಾಲಿಗೆ ದಪ್ಪ ರಬ್ಬರ್ ಚಾಪೆ ಹಾಸಿದ್ದೀವಿ. ಚಾಪೆ ಇಲ್ಲದೆ ಬರೀ ಹಾಳೆ ಮೇಲೆ ಏಣಿ ಇಟ್ಟು ದೊಡ್ಡ ಆಳು ಹತ್ತಿ ಇಳಿದ್ರೆ ಹಾಳೆ ತೂತು. ಇದು ಕೊಳದ ಕೆಲಸದವರಿಗೆ ಗೊತ್ತು, ಬೇರೆಯವರಿಗೆ ಗೊತ್ತಿರಲ್ಲ. ಈಗ ಹೇಳಿ, ಇಲ್ಲಿ ಯಾಕೆ ತೂತಾಯ್ತು?"

ಇನ್ಸ್‌ಪೆಕ್ಟರ ಹುಬ್ಬು ಮೊದಲ ಸಲ ಮೇಲೆದ್ದಿತು.

ಮಗ ಹಿಂದೆಯೇ ಬಂದಿದ್ದ. "ಕಥೆ ಕಟ್ತಾ ಇದ್ದಾಳೆ ಸಾರ್. ಇಲಿ ಕಡಿದಿರಬಹುದು, ಕಲ್ಲು ಚುಚ್ಚಿರಬಹುದು."

"ಕಟ್ಟೋದು ಬೇಡ, ಬಿಚ್ಚಿ ತೋರಿಸ್ತೀನಿ," ಎಂದಳು ಜಾಲರಿಯಕ್ಕ.

ಪ್ಲಗ್ಗನ್ನು ಇನ್ಸ್‌ಪೆಕ್ಟರ ಕೈಗೆ ತುರುಕಿ, ಚೀಲದಿಂದ ಎರಡು ಸಾಮಾನು ತೆಗೆದಳು. ನೀರಿನ ಕನ್ನಡಕ ಮತ್ತು ಕೆಂಪು ಬಣ್ಣ ತುಂಬಿದ, ಸೂಜಿಯಿಲ್ಲದ ಸಿರಿಂಜು. ಉಟ್ಟ ಬಟ್ಟೆಯಲ್ಲೇ, ಏಣಿಯ ಹಂಗಿಲ್ಲದೆ, ಪಟ್ಟಿಗೆ ಕೈಯೂರಿ ಗೋಡೆ ದಾಟಿ ನೀರಿಗಿಳಿದಳು. ನಲವತ್ತೆಂಟು ವರ್ಷದ ಹೆಂಗಸು ಹೀಗೆ ಹಾರಿದ್ದನ್ನು ಕಂಡು ಮೀಸೆಯವನು ಅಂಗೈ ಉಜ್ಜಿಕೊಳ್ಳುವುದನ್ನೂ ಮರೆತ.

ನೀರು ಸೊಂಟದವರೆಗೆ ಬಂತು. ತಣ್ಣಗಿತ್ತು. ಸಿಟ್ಟು ಮಾತ್ರ ತಣ್ಣಗಾಗಲಿಲ್ಲ.

ಗೋಡೆಯ ಪಕ್ಕದಲ್ಲಿ ಅಂಗಾಲಿನಿಂದ ತಳವನ್ನು ತಡವುತ್ತ ನಡೆದಳು. ಹಾಳೆಯ ಕೆಳಗಿನ ಮರಳು ಸಮವಾಗಿತ್ತು, ಸಮವಾಗಿತ್ತು. ಒಂದು ಕಡೆ ಹೆಬ್ಬೆರಳು ಕುಳಿಗೆ ಬಿತ್ತು. ಒಂದೂವರೆ ಗೇಣು ಆಚೆ ಇನ್ನೊಂದು ಕುಳಿ.

"ಎರಡು ಕುಳಿ ಸಾರ್! ಏಣಿಯ ಎರಡು ಕಾಲು. ಆ ಕೋಲು ಇಳಿಸಿ ನೀವೇ ನೋಡಿ."

ಇನ್ಸ್‌ಪೆಕ್ಟರು ಒಲ್ಲದ ಮನಸ್ಸಿನಿಂದ ಜಾಲರಿಯ ಕೋಲನ್ನು ಅವಳು ತೋರಿಸಿದ ಕಡೆ ಇಳಿಸಿದರು. ತುದಿ ಕುಳಿಯಲ್ಲಿ ಕೂತಿತು. ಪಕ್ಕಕ್ಕೆ ಸರಿಸಿದರು, ಮತ್ತೊಂದರಲ್ಲಿ ಕೂತಿತು.

"ಹೌದಲ್ಲ," ಎಂದರು ತಮಗೇ.

"ಏಣಿ ಇಲ್ಲಿ ನಿಂತಿತ್ತು. ಇಲ್ಲಿ ನಿಂತು, ಭಾರ ಹೊತ್ತು, ಆಮೇಲೆ ಎದ್ದು ನಡ್ಕೊಂಡು ಪಂಪಿನ ಕಡೆ ಹೋಯ್ತಾ? ಯಾರೋ ಎತ್ತಿ ಇಟ್ಟಿದ್ದಾರೆ. ನನ್ನ ತಮ್ಮ ಸಂಜೆ ಬೀಗ ಹಾಕಿ ಬಂದ. ಬೆಳಗ್ಗೆ ಅವನ ಸೈಕಲ್ ಚೈನ್ ಕಡೀತು. ತಳ್ಳಿಕೊಂಡು ಎಂಟು ಗಂಟೆಗೆ ಬರೋ ಹೊತ್ತಿಗೆ ಗೇಟಿನಲ್ಲಿ ನೀವಿದ್ರಿ. ನೀರಿನ ಹತ್ರಕ್ಕೂ ಬಿಡದೆ ಹಿಡ್ಕೊಂಡು ಹೋದ್ರಿ. ಕೈಗೆ ಸಿಕ್ಕವನು ಅಂತ ಹಿಡಿದ್ರಿ! ಮನೆಯವರನ್ನ ಒಂದು ಮಾತು ಕೇಳಿದ್ರಾ?"

"ಮಾತು ನೋಡ್ಕೊಂಡು ಆಡು!" ಮಗ ಗೋಡೆಯ ಪಟ್ಟಿಯನ್ನು ಎಡಗೈಯಿಂದ ಗುದ್ದಿದ. ತಗಡು ಗುಂಯ್ಗುಟ್ಟಿತು. "ನಮ್ಮಪ್ಪನ್ನ ಈ ನೀರಿಂದ ಎತ್ತಿದವನು ನಾನು. ನಾನೊಬ್ಬನೇ ಎತ್ತಿದೆ. ಅವರ ಭಾರ ಎಷ್ಟಿತ್ತು ಅಂತ ನಿನಗೇನು ಗೊತ್ತು?"

"ನನಗೆ ಗೊತ್ತಿರೋದು ಇಷ್ಟೇ. ನೀರು ತುಂಬಿರುವಾಗಲೇ ಪಟ್ಟಿ ಬಿಚ್ಚಿಸೋ ಅಷ್ಟು ಅವಸರ ಯಾರಿಗಿತ್ತು ಅಂತ."

"ಸಾಕು, ಇಬ್ಬರೂ!" ಎಂದರು ಇನ್ಸ್‌ಪೆಕ್ಟರು. "ತೂತು ತೋರಿಸಮ್ಮ ಮೊದಲು."

ಅವಳು ಕದಲದೆ ನಿಂತಳು. ನೀರು ಪೂರ್ತಿ ಅಲುಗಾಟ ಬಿಡುವವರೆಗೆ ಕಾಯಬೇಕು, ಅದೇ ಈ ಕೆಲಸದ ಗುಟ್ಟು. ಆಮೇಲೆ ಕನ್ನಡಕ ಏರಿಸಿ, ಉಸಿರು ಹಿಡಿದು, ಬಗ್ಗಿ ಮುಖವನ್ನು ನೀರಿಗಿಟ್ಟಳು. ಮೊದಲ ಕುಳಿಯ ಮೇಲೆ ಸಿರಿಂಜು ಒತ್ತಿದಳು. ಕೆಂಪು ಬಣ್ಣ ಹೊಗೆಯ ಹಾಗೆ ಸುರುಳಿ ಬಿಚ್ಚಿ ಅಲ್ಲೇ ತೇಲಿತು. ಇಲ್ಲಿಲ್ಲ.

ಎರಡನೆಯ ಕುಳಿ. ಸಿರಿಂಜು ಒತ್ತಿದಳು.

ಈ ಸಲ ಬಣ್ಣ ತೇಲಲಿಲ್ಲ. ದಾರದಷ್ಟು ತೆಳ್ಳಗಾಗಿ, ಯಾರೋ ಕೆಳಗಿನಿಂದ ಎಳೆದಂತೆ ನೆಟ್ಟಗೆ ಇಳಿದು, ಒಂದು ಅಂಚಿನಲ್ಲಿ ಮಾಯವಾಯಿತು. ಸಿಕ್ಕೇಬಿಟ್ಟಿತು! ಇನ್ನೇನು ಎದ್ದು ಕೂಗಬೇಕು.

ಅಂಚು ಎಂದರೆ ಯಾವುದರ ಅಂಚು?

ನೀಲಿ ಹಾಳೆಯ ಮೇಲೆ ಹಸಿರು ದುಂಡು. ಮೇಲಿನಿಂದ ನೋಡಿದವರಿಗೆ ಪಾಚಿಯ ಕಲೆ ಎನಿಸಬೇಕು. ಅವಳ ಕಣ್ಣಿಗೆ ಗೇಣು ದೂರದಲ್ಲಿತ್ತು. ತೇಪೆ. ಚಹಾ ಲೋಟ ಬೋರಲಿಟ್ಟು, ಸುತ್ತ ಗೀಟೆಳೆದು ಕತ್ತರಿಸಿದ ತೇಪೆ. ಮೂಲೆ ಇದ್ದರೆ ಮೂಲೆಯಿಂದ ಏಳುತ್ತದೆ, ದುಂಡಗೆ ಕತ್ತರಿಸಬೇಕು ಎಂದು ತಮ್ಮನಿಗೆ ಹೇಳಿಕೊಟ್ಟವಳೇ ಅವಳು.

ಹಸಿರು. ತಮ್ಮನ ಚೀಲದಲ್ಲಿ ತೇಪೆಯ ಹಾಳೆ ಖಾಲಿಯಾಗಿತ್ತು, ಅಂಗಡಿಯಲ್ಲೂ ನೀಲಿ ಮುಗಿದಿತ್ತು. ಇನ್ನೇನು ಮಾಡುವುದೆಂದು ಹಸಿರು ತುಂಡನ್ನೇ ತಂದಿದ್ದಳು. ತಂದದ್ದು ಮೇಷ್ಟ್ರು ಸಾಯುವ ಹಿಂದಿನ ಸಂಜೆ. ಮರುದಿನ ಬೆಳಗ್ಗೆ ಐದೂವರೆಗೆ ಅದನ್ನು ತಮ್ಮನ ಚೀಲಕ್ಕೆ ಹಾಕಿ, "ಬಣ್ಣ ಹೊಂದಲ್ಲ ಅಂತ ಮೂತಿ ತಿರುಗಿಸಬೇಡ," ಎಂದು ಕಳಿಸಿದವಳೂ ಅವಳೇ.

ಎಂಟು ಗಂಟೆಗೆ ಗೇಟಿನಲ್ಲೇ ಅವನನ್ನು ಹಿಡಿದರು. ನೀರಿನ ಹತ್ತಿರಕ್ಕೂ ಬಿಡಲಿಲ್ಲ.

ಹಾಗಾದರೆ ಈ ತೇಪೆ ಹಾಕಿದ್ದು ಐದೂವರೆಗೂ ಎಂಟಕ್ಕೂ ನಡುವೆ. ಅವತ್ತಿನ ಬೆಳಗ್ಗೆಯೇ. ಅವನು ಇಲ್ಲಿದ್ದ. ಈ ನೀರಿನೊಳಗೇ ಇದ್ದ.

ಚೈನ್ ಕಡಿದಿತ್ತಂತೆ! ಐದು ದಿನ ಅವಳು ಆ ಚೈನನ್ನು ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಿ ಇಳಿದಿದ್ದಳು. ವಕೀಲರ ಹತ್ತಿರ ಕೂಗಾಡಿದ್ದಳು. ಈಗ ಮೇಲೆ ನಿಂತವರ ಮುಂದೆ ಎದೆ ತಟ್ಟಿ ಹೇಳಿದ್ದಳು. ತಾನೇ ಎತ್ತಿ ಆಡಿಸಿದ ಕೂಸು, ತನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿತ್ತು.

ಕೈ ತಾನಾಗಿ ಮುಂದೆ ಹೋಯಿತು. ಒಂದು ಅಂಚು ಎದ್ದೇ ಇತ್ತು. ಉಗುರು ಹಾಕಿ ಎಳೆದಳು. ತೇಪೆ ಕಿತ್ತು ಅಂಗೈಗೆ ಬಂತು. ಮುಷ್ಟಿ ಮುಚ್ಚಿಕೊಂಡಿತು.

ಉಸಿರು ಮುಗಿದು ಮೇಲೆದ್ದಳು.

"ಏನು ಸಿಕ್ತು?" ಎಂದರು ಇನ್ಸ್‌ಪೆಕ್ಟರು. ನೀರಿನ ಭಯ ಮರೆತು ಗೋಡೆಗೆ ಹೊಟ್ಟೆಯೊತ್ತಿ ನಿಂತಿದ್ದರು.

"ತೂತು."

"ಏಣಿಯ ಕಾಲಿನದೇ?"

"ಹೂಂ."

"ಸರಿ ಹಾಗಾದ್ರೆ." ಅವರು ಮಗನ ಕಡೆ ತಿರುಗಿದರು. "ಕೊಳ ಬಿಚ್ಚೋದು ಬೇಡ. ನಾನು ಕೊಟ್ಟ ಕಾಗದ ವಾಪಸ್ ಕೊಡಿ. ಮನೆಯವರ ಹೇಳಿಕೆ ಮತ್ತೆ ಬೇಕಾಗುತ್ತೆ, ಎಲ್ಲರದೂ."

ಗೆದ್ದಿದ್ದಳು. ಬೆಳಗ್ಗಿನಿಂದ ಯಾವುದಕ್ಕಾಗಿ ಹೊಡೆದಾಡಿದ್ದಳೋ ಅದು ಸಿಕ್ಕಿತ್ತು. ಮುಷ್ಟಿಯನ್ನು ನೀರಿನ ಕೆಳಗೇ ಇಟ್ಟುಕೊಂಡು, ಸೊಂಟದ ಬಟ್ಟೆಯ ಮಡಿಕೆಗೆ ಸೇರಿಸಿದರೆ ಮುಗಿಯಿತು. ನಾಳೆ ತಮ್ಮ ಮನೆಯಲ್ಲಿ ಊಟಕ್ಕೆ ಕೂತಿರುತ್ತಾನೆ.

ಊಟಕ್ಕೆ ಕೂತವನ ಮುಖವನ್ನು ಅವಳು ಹೇಗೆ ನೋಡುವುದು? ಈ ಮನೆಯವರನ್ನು ಸುಳ್ಳರು ಎಂದು ಕೂಗಿದ ಬಾಯಿಂದ ಅವನಿಗೆ ಏನು ಹೇಳುವುದು?

"ಕೈಯಲ್ಲಿ ಏನದು?" ಎಂದ ಮಗ ತಟ್ಟನೆ.

ಎಲ್ಲರೂ ನೋಡಿದರು. ಅವಳ ಮುಷ್ಟಿಯ ಸಂದಿಯಿಂದ ಕೆಂಪು ನೀರು ಸೋರುತ್ತಿತ್ತು.

"ಕೈ ತೋರಿಸಮ್ಮ," ಎಂದರು ಇನ್ಸ್‌ಪೆಕ್ಟರು.

ಜಾಲರಿಯಕ್ಕ ಮುಷ್ಟಿ ಬಿಚ್ಚಿ ತೇಪೆಯನ್ನು ಗೋಡೆಯ ಪಟ್ಟಿಯ ಮೇಲೆ ಚಟ್ಟನೆ ಹೊಡೆದಳು.

"ತಗೊಳ್ಳಿ. ತೇಪೆ. ಇದು ನನ್ನ ತಮ್ಮನ ಕೆಲಸ. ಹಸಿರು ತುಂಡು ಅವತ್ತು ಬೆಳಗ್ಗೆ ಐದೂವರೆಗೆ ನಾನೇ ಅವನ ಕೈಗೆ ಕೊಟ್ಟಿದ್ದು. ಅವನು ಇಲ್ಲಿಗೆ ಬಂದಿದ್ದಾನೆ. ನೀರಿಗೆ ಇಳಿದಿದ್ದಾನೆ. ನನಗೂ ಸುಳ್ಳು ಹೇಳಿದ್ದಾನೆ, ನಿಮಗೂ ಹೇಳಿದ್ದಾನೆ. ನನ್ನನ್ನ ಈಗಲೇ ಠಾಣೆಗೆ ಕರ್ಕೊಂಡು ಹೋಗಿ ಸಾರ್. ಮೊದಲು ಕಪಾಳಕ್ಕೆ ಎರಡು ಬಾರಿಸ್ತೀನಿ, ಆಮೇಲೆ ನಿಮ್ಮ ಕಾನೂನು. ಸುಳ್ಳು ಅಂದ್ರೆ ಸುಳ್ಳೇ. ನನ್ನ ಮನೇದಾದ್ರೂ ಅಷ್ಟೇ, ಇವರ ಮನೇದಾದ್ರೂ ಅಷ್ಟೇ!"

ಮಗನ ಮುಖದಲ್ಲಿ ಗೆಲುವು ಬರಬೇಕಿತ್ತು. ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆ ಸಿಂಕಿಗೆ ಬಿದ್ದ ಸದ್ದು. ಸೊಸೆ ಸೋಪಿನ ನೊರೆಯ ಕೈಯಲ್ಲೇ ಹೊರಗೆ ಬಂದಳು.

"ಅವನನ್ನ ಹೊಡೀಬೇಡಿ ಅಕ್ಕ."

"ನೀನು ಒಳಗೆ ಹೋಗು," ಎಂದ ಗಂಡ.

"ಹೋಗಲ್ಲ." ಅವಳ ದನಿ ನಡುಗುತ್ತಿತ್ತು. ಹೆದರಿಕೆಗಲ್ಲ, ಐದು ದಿನ ಅದುಮಿಟ್ಟ ಸಿಟ್ಟಿಗೆ. "ಆ ತೇಪೆ ಹಾಕುವಾಗ ಮಾವ ಬದುಕೇ ಇದ್ರು. ನಾನು ಕಿಟಕಿಯಿಂದ ನೋಡಿದೆ. ಅವರೂ ನೀರಲ್ಲೇ ನಿಂತ್ಕೊಂಡು, ಇನ್ನೊಂಚೂರು ಒತ್ತು, ಈ ಕಡೆ ಒತ್ತು ಅಂತ ಹೇಳಿಕೊಡ್ತಾ ಇದ್ರು. ನಗ್ತಾ ಇದ್ರು. ಆರೂವರೆಗೆ ಹುಡುಗ ಹೊರಟ. ಮಾವ ಸುತ್ತು ಹಾಕೋಕೆ ಶುರು ಮಾಡಿದ್ರು. ನಾನು ಹಾಲು ತರೋಕೆ ಹೋದೆ."

"ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?" ಎಂದರು ಇನ್ಸ್‌ಪೆಕ್ಟರು.

"ನೀವು ಮೂರು ಸಲ ಬಂದ್ರಿ. ನನ್ನ ಹತ್ರ ಕೇಳಿದ್ದು ನೀರು ಮಾತ್ರ. ಕುಡಿಯೋಕೆ."

ಇನ್ಸ್‌ಪೆಕ್ಟರು ಕೆಮ್ಮಿದರು. "ಹುಡುಗ ಹೋದ ಮೇಲೆ ಮೇಷ್ಟ್ರ ಜೊತೆ ಯಾರಿದ್ರು?"

ಸೊಸೆ ಹಿತ್ತಿಲ ಬಾಗಿಲ ಕಡೆ ನೋಡಿದಳು.

ಮೇಷ್ಟ್ರಮ್ಮ ಎಡಗೈಯಿಂದ ಬಲಗೈಯ ಪಟ್ಟಿ ಬಿಚ್ಚುತ್ತಿದ್ದರು. ಅವಸರವಿಲ್ಲದೆ, ಸುತ್ತು ಸುತ್ತಾಗಿ. ಕೊನೆಯ ಸುತ್ತು ಕಳಚಿ ಬಿದ್ದಾಗ ಜಾಲರಿಯಕ್ಕ ನೀರಿನಲ್ಲಿ ನಿಂತಲ್ಲೇ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಅದೇ ಜಾಗ. ಅದೇ ಅರ್ಧಚಂದ್ರ. ಹಸಿ ಗಾಯ.

"ಲೋಟ ಒಡೆದಿರಲಿಲ್ಲ," ಎಂದರು ಮೇಷ್ಟ್ರಮ್ಮ. ಬೆಳಗಿನ ದೊಡ್ಡ ದನಿ ಎಲ್ಲೋ ಹೋಗಿತ್ತು. "ನೀರಿಗೆ ಇಳೀಬೇಡಿ ಅಂತ ಮಗ ಬೈದ. ಅವರಿಗೆ ನಡೀದೆ ಮಂಡಿ ಕಟ್ಕೊಳ್ತಿತ್ತು. ಅವತ್ತು ಕೇಳ್ಕೊಂಡ್ರು, ಒಂದೇ ಒಂದು ದಿನ ಅಂತ. ಬೀಗ ತೆಗೆದೆ. ಮಗನಿಗೆ ಕಾಣದ ಹಾಗೆ ಏಣಿನ ಆ ಕಡೆ ಇಟ್ಟವಳು ನಾನು. ಕಚ್ಚಿಸ್ಕೊಂಡವಳೂ ನಾನು. ಚಾಪೆಗೀಪೆ ನನಗೇನು ಗೊತ್ತು? ತೂತಾಯ್ತು ಅಂತ ಅವರು ಕಂಡುಹಿಡಿದ್ರು. ಅಷ್ಟೊತ್ತಿಗೆ ನಿನ್ನ ತಮ್ಮ ಬಂದ, ತೇಪೆ ಹಾಕಿದ. ಯಾರಿಗೂ ಹೇಳ್ಬೇಡಪ್ಪಾ, ಎಂಟಕ್ಕೆ ಈಗ ಬಂದವನ ಹಾಗೆ ಮತ್ತೆ ಬಾ ಅಂತ ಅವನ ಕೈ ಹಿಡ್ಕೊಂಡು ಬೇಡ್ಕೊಂಡೆ. ಮಾತು ಉಳಿಸ್ಕೊಂಡ ಅವನು. ನಾನೇ ಬಾಯಿ ಬಿಡಲಿಲ್ಲ. ಹೊಡೆಯೋದಾದ್ರೆ ಬಾ, ನನ್ನ ಕೆನ್ನೆ ಇಲ್ಲಿದೆ."

ಜಾಲರಿಯಕ್ಕ ಕನ್ನಡಕವನ್ನು ಕಿತ್ತು ತೇಪೆಯ ಪಕ್ಕದಲ್ಲಿಟ್ಟಳು.

"ಆಮೇಲೆ?" ಎಂದರು ಇನ್ಸ್‌ಪೆಕ್ಟರು ಮೆಲ್ಲಗೆ.

"ರಕ್ತ ನಿಲ್ಲಲಿಲ್ಲ. ಪಟ್ಟಿ ಕಟ್ಕೊಂಡು ಬರ್ತೀನಿ ಅಂತ ಒಳಗೆ ಹೋದೆ. ಕಾಲು ಗಂಟೆ. ಬಂದು ನೋಡಿದ್ರೆ..." ಅವರು ನೀರಿನ ಕಡೆ ಕೈ ತೋರಿಸಿದರು. "ಏಣಿ ಅಲ್ಲಿರಲಿಲ್ಲ. ಪಂಪಿನ ಕಡೆ ಇತ್ತು. ಮಂಡಿ ಸರಿಯಿಲ್ಲದ ಮನುಷ್ಯ, ಏಣಿ ಎತ್ಕೊಂಡು ಹೋದ ಹೊತ್ತಲ್ಲಿ ಕಾಲು ಜಾರಿದ್ರೆ ಏನು ಹಿಡ್ಕೋಬೇಕು? ಏಣಿ ಆ ಕಡೆ ಇಟ್ಟವಳು ನಾನು, ಒಪ್ತೀನಿ. ಆದ್ರೆ ಈ ಕಡೆ ತಂದಿಟ್ಟವಳು ನಾನಲ್ಲ."

ಗೋಡೆಯ ಬುಡದಲ್ಲಿ, ತೇಪೆ ಕಿತ್ತ ತೂತಿನಿಂದ ನೀರು ಜಿನುಗಿ ಮರಳು ತೊಳೆಯುತ್ತಿತ್ತು.

ಮೀಸೆಯವನು ಏಣಿ ಕಚ್ಚಿದ ತನ್ನ ಅಂಗೈಯನ್ನು ಬಾಯಿಂದ ಊದಿಕೊಳ್ಳುತ್ತಿದ್ದ. ಜಾಲರಿಯಕ್ಕನ ಕಣ್ಣು ಅವನ ಕೈಯ ಮೇಲೆ ನಿಂತಿತು. ಅಲ್ಲಿಂದ ಮೇಷ್ಟ್ರಮ್ಮನ ಕೈಗೆ ಹೋಯಿತು. ಅಲ್ಲಿಂದ ಮನೆಯ ಮಗನ ಕಡೆ ಹೊರಳಿತು.

ಬೆಳಗ್ಗಿನಿಂದ ಅವನು ಪ್ಲಗ್ಗಿಗೆ ಚಾಚಿದ್ದು ಎಡಗೈ. ತಗಡು ಗುದ್ದಿದ್ದೂ ಎಡಗೈ.

"ಸ್ವಾಮಿ," ಎಂದಳು ಅವಳು, ನೀರಿನಲ್ಲಿ ಒಂದು ಹೆಜ್ಜೆ ಅವನ ಕಡೆಗೆ ಇಡುತ್ತ. "ಆ ಬಲಗೈಯನ್ನ ಒಂದು ಸಲ ಜೇಬಿಂದ ಹೊರಗೆ ತೆಗೀರಿ, ನೋಡೋಣ."